ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?

ನಮ್ಮ ದೊಡ್ಡಪ್ಪ ಜೀವನವಿಡೀ ಚಾಪೆಯ ಮೇಲೆ ಒಂದೇ ಒಂದು ತೆಳು ದಿಂಬು ಇಟ್ಟುಕೊಂಡು ಮಲಗಿದವರು. 70 ದಾಟಿದ ಮೇಲೆ ಒಂದು ದಿನ ಎರಡನೇ ದಿಂಬು ಕೇಳಿದರು. ಕೆಲವು ವಾರಗಳಲ್ಲಿ ಮೂರನೆಯದೂ ಬಂತು. ಆಮೇಲೆ ಚಾಪೆಯನ್ನೇ ಬಿಟ್ಟು ಹಾಲ್‌ನಲ್ಲಿದ್ದ ಈಸಿ ಚೇರಿನಲ್ಲಿ ಕೂತು ನಿದ್ದೆ ಮಾಡತೊಡಗಿದರು. ನಾವೆಲ್ಲ ಅದಕ್ಕೆ ಅವರ ಸ್ವಭಾವದಲ್ಲೇ ಕಾರಣ ಹುಡುಕಿದೆವು. "ಮೊದಲಿಂದಲೂ ಹಟ ಜಾಸ್ತಿ, ಹೇಳಿದ್ದು ಕೇಳೋರಲ್ಲ" ಎಂದರು ದೊಡ್ಡಮ್ಮ. ವಯಸ್ಸಾಯಿತು, ಒಬ್ಬರೇ ಇರಬೇಕು ಅನ್ನಿಸುತ್ತೇನೋ ಎಂದುಕೊಂಡೆ ನಾನು.

ಪಾದ ಊದಿಕೊಂಡಿದೆ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಾಲು ಒತ್ತಿ ನೋಡಿದರು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಆಮೇಲೆ, "ಯಜಮಾನ್ರೇ, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?" ಅಂದರು.

ದೊಡ್ಡಪ್ಪನ ಹೃದಯ ಸೋಲುತ್ತಿತ್ತು. ಹೃದಯ ಸರಿಯಾಗಿ ರಕ್ತ ತಳ್ಳದಿದ್ದಾಗ, ಸಮತಟ್ಟಾಗಿ ಮಲಗಿದರೆ ಹಗಲಿಡೀ ಕಾಲಿನ ಕಡೆ ನಿಂತಿದ್ದ ನೀರಿನಂಶ ಎದೆಯ ಕಡೆಗೆ ಬರುತ್ತದೆ. ಶ್ವಾಸಕೋಶ ಭಾರವಾಗುತ್ತದೆ, ಉಸಿರು ಕಟ್ಟುತ್ತದೆ. ತಲೆ, ಎದೆ ಎತ್ತರದಲ್ಲಿದ್ದರೆ ಸ್ವಲ್ಪ ನಿರಾಳ. ಅದಕ್ಕೇ ವೈದ್ಯರು ದಿಂಬಿನ ಲೆಕ್ಕ ಕೇಳುತ್ತಾರೆ, ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ದಿಂಬು ಹೆಚ್ಚಾಗುತ್ತಾ ಹೋದರೆ ಕಾಯಿಲೆಯೂ ಹೆಚ್ಚಾಗುತ್ತಿದೆ ಎಂದು ಅನುಮಾನಿಸುತ್ತಾರೆ. ಹಟ ಎಂದು ನಾವು ಹೆಸರಿಟ್ಟಿದ್ದು ಉಸಿರಿನ ಕಷ್ಟವಾಗಿತ್ತು.

ಅದೇ ದಿನಗಳಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂದಿತ್ತು. ಆರು ಬಗೆಯಲ್ಲಿ ಮಲಗಿದ ಆರು ಗೊಂಬೆಗಳು. "ನೀವು ಮಲಗುವ ಭಂಗಿ ನಿಮ್ಮ ವ್ಯಕ್ತಿತ್ವ ಹೇಳುತ್ತದೆ!" ಮುದುಡಿ ಮಲಗಿದರೆ ಹೊರಗೆ ಗಟ್ಟಿ, ಒಳಗೆ ಮೃದು. ಅಂಗಾತ ನೆಟ್ಟಗೆ ಮಲಗಿದರೆ ಶಿಸ್ತಿನ ಮನುಷ್ಯ. ಬೋರಲು ಮಲಗಿದರೆ ಧೈರ್ಯವಂತ, ಆದರೆ ಟೀಕೆ ಸಹಿಸುವುದಿಲ್ಲ. ಅಕ್ಕ ತಂಗಿಯರೆಲ್ಲ "ಅಯ್ಯೋ ನನ್ನದೇ ಇದು" ಅಂತ ಉತ್ತರ ಹಾಕಿದರು. ಕುರ್ಚಿಯಲ್ಲಿ ಕೂತು ನಿದ್ದೆ ಮಾಡುವ ಗೊಂಬೆ ಆ ಚಿತ್ರದಲ್ಲಿ ಇರಲಿಲ್ಲ.

ಕನ್ನಡದ ವೆಬ್ ಪುಟಗಳಲ್ಲಿ, ರೀಲ್ಸ್‌ನಲ್ಲಿ ಈ ಆರು ಗೊಂಬೆಗಳು ತಿರುಗಿ ತಿರುಗಿ ಬರುತ್ತಲೇ ಇವೆ. ಬಹಳ ಜನ ಇದನ್ನು ವಿಜ್ಞಾನ ಅಂತಲೇ ನಂಬಿದ್ದಾರೆ, ಯಾಕೆಂದರೆ ಚಿತ್ರದ ಕೆಳಗೆ "ಸಂಶೋಧನೆಯಿಂದ ಸಾಬೀತು" ಅಂತ ಬರೆದಿರುತ್ತದೆ. ಹಾಗಾದರೆ ಆ ಸಂಶೋಧನೆ ಯಾವುದು? ಎಲ್ಲಿಂದ ಬಂತು?

ಆರು ಗೊಂಬೆಗಳ ಹುಟ್ಟು

ಇವುಗಳ ಊರು ಬ್ರಿಟನ್. 2003ರಲ್ಲಿ ಅಲ್ಲಿನ ನಿದ್ರಾ ತಜ್ಞ ಕ್ರಿಸ್ ಇಡ್ಜಿಕೋವ್ಸ್ಕಿ 1,000 ಜನರ ಸಮೀಕ್ಷೆಯನ್ನು ಆಧರಿಸಿ ಆರು ಭಂಗಿಗಳಿಗೆ ಹೆಸರು ಕೊಟ್ಟರು. ಹೊಟ್ಟೆಯೊಳಗಿನ ಕೂಸಿನ ಹಾಗೆ ಮುದುಡಿ ಮಲಗುವವರು 41%. ಕೈಗಳನ್ನು ಕೆಳಗಿಳಿಸಿ ಮರದ ದಿಮ್ಮಿಯಂತೆ ಮಗ್ಗುಲಾಗಿ ಮಲಗುವವರು 15%. ಮಗ್ಗುಲಾಗಿ ಮಲಗಿ ಎರಡೂ ಕೈ ಮುಂದೆ ಚಾಚುವವರು 13%. ಸೈನಿಕನಂತೆ ಅಂಗಾತ ನೆಟ್ಟಗೆ ಮಲಗುವವರು 8%. ದಿಂಬು ತಬ್ಬಿ ಬೋರಲು ಮಲಗುವವರು 7%. ಅಂಗಾತ ಮಲಗಿ ಕೈಕಾಲು ನಕ್ಷತ್ರಮೀನಿನ ಹಾಗೆ ಅಗಲಿಸುವವರು 5%. ಉಳಿದವರು, ನಾವು ನಿದ್ದೆಗೆ ಜಾರುವ ಭಂಗಿ ಒಂದೇ ತರಹ ಇರುವುದಿಲ್ಲ ಅಥವಾ ಗೊತ್ತಿಲ್ಲ ಎಂದರು. ಒಂದೊಂದು ಭಂಗಿಗೂ ಒಂದೊಂದು ಸ್ವಭಾವದ ವರ್ಣನೆ ಅಂಟಿಕೊಂಡಿತು. ಬಿಬಿಸಿ ಸುದ್ದಿ ಮಾಡಿತು. ಅಲ್ಲಿಂದ ಅದು ಜಗತ್ತು ಸುತ್ತುತ್ತಲೇ ಇದೆ.

ಅದೇ ಸುದ್ದಿಯಲ್ಲಿ ಇನ್ನೊಂದು ಮಾತಿತ್ತು. ಸೈನಿಕ ಮತ್ತು ನಕ್ಷತ್ರಮೀನು, ಅಂದರೆ ಅಂಗಾತ ಮಲಗುವ ಎರಡೂ ಭಂಗಿಗಳಲ್ಲಿ ಗೊರಕೆ ಬರುವುದು, ನಿದ್ದೆ ಕೆಡುವುದು ಹೆಚ್ಚು ಎಂದು ಇಡ್ಜಿಕೋವ್ಸ್ಕಿ ಹೇಳಿದ್ದರು. ಉಪಯೋಗಕ್ಕೆ ಬರುವ ಮಾತು ಅದು. ನನ್ನ ಫೋನಿಗೆ ಬಂದ ಯಾವ ಚಿತ್ರದಲ್ಲೂ ನಾನು ಅದನ್ನು ನೋಡಿಲ್ಲ. ಫಾರ್ವರ್ಡ್ ಆಗುತ್ತಾ ಆಗುತ್ತಾ ಆರೋಗ್ಯದ ಮಾತು ಉದುರಿಹೋಗಿ, ಸ್ವಭಾವದ ಮಾತು ಮಾತ್ರ ಉಳಿಯಿತು.

ಇಂಥ ಪ್ರಯತ್ನ ಅದೇ ಮೊದಲಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲೇ ವಿಯೆನ್ನಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಮಲಗುವ ರೀತಿಯಿಂದ ಮನುಷ್ಯನನ್ನು ಓದಲು ಹೊರಟಿದ್ದರು. 1977ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಸ್ಯಾಮ್ಯುಯೆಲ್ ಡಂಕೆಲ್ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಮಲಗುವ ಭಂಗಿ ಅಂದರೆ ರಾತ್ರಿ ಹೊತ್ತು ದೇಹ ಆಡುವ ಭಾಷೆ ಎಂಬುದು ಅವರ ನಂಬಿಕೆ. ತಮ್ಮ ಬಳಿ ಬಂದ ರೋಗಿಗಳ ಮಾತು ಕೇಳಿ ಕಟ್ಟಿಕೊಂಡ ನಂಬಿಕೆ ಅದು.

ಈಗ ಈ ಮೂವರನ್ನೂ ಒಂದೇ ಪ್ರಶ್ನೆ ಕೇಳೋಣ. ಒಬ್ಬ ಮನುಷ್ಯ ಅಂಗಾತ ಮಲಗುತ್ತಾನೆ. ಅವನು ಎಂಥವನು?

ಆಡ್ಲರ್ ಪ್ರಕಾರ, ಸೈನಿಕನ ಹಾಗೆ ಚಾಚಿ ಅಂಗಾತ ಮಲಗುವವನು ತಾನು ಆದಷ್ಟು ದೊಡ್ಡವನಾಗಿ ಕಾಣಬೇಕು ಎಂದು ಬಯಸುವವನು. ಡಂಕೆಲ್ ಇದನ್ನು ರಾಜಭಂಗಿ ಎಂದು ಕರೆದರು. ಆತ್ಮವಿಶ್ವಾಸ ತುಂಬಿದ, ತನ್ನ ಜಾಗದ ಬಗ್ಗೆ ಅಳುಕಿಲ್ಲದ ಮನುಷ್ಯ ಎಂದರು. ಇಡ್ಜಿಕೋವ್ಸ್ಕಿ ಪ್ರಕಾರ ಸೈನಿಕ ಭಂಗಿಯವರು ಮಾತು ಕಮ್ಮಿ, ಸಂಕೋಚ ಜಾಸ್ತಿ, ಗದ್ದಲ ಅಂದರೆ ಆಗದವರು. ಬೆನ್ನು ಒಂದೇ, ಹಾಸಿಗೆ ಒಂದೇ. ಒಬ್ಬರಿಗೆ ಅವನು ದೊಡ್ಡಸ್ತಿಕೆಯವನು, ಒಬ್ಬರಿಗೆ ರಾಜ, ಇನ್ನೊಬ್ಬರಿಗೆ ಮೂಲೆಯಲ್ಲಿ ಸುಮ್ಮನೆ ಕೂರುವವನು.

ಬೋರಲು ಮಲಗುವವರ ಕಥೆಯೂ ಹೀಗೇ. ಆಡ್ಲರ್‌ಗೆ ಅವರು ಮೊಂಡರು. ಡಂಕೆಲ್‌ಗೆ ಎಲ್ಲವೂ ಅಚ್ಚುಕಟ್ಟಾಗಿ ತಮ್ಮ ಹಿಡಿತದಲ್ಲೇ ಇರಬೇಕು ಎನ್ನುವವರು. ಇಡ್ಜಿಕೋವ್ಸ್ಕಿಗೆ ಜನರ ನಡುವೆ ಬೆರೆಯುವ, ನೇರ ಮಾತಿನ, ಒಳಗೊಳಗೇ ಅಳುಕುವವರು. ಭಂಗಿಗೂ ಸ್ವಭಾವಕ್ಕೂ ಗಟ್ಟಿಯಾದ ನಂಟಿದ್ದರೆ ನೂರು ವರ್ಷದಲ್ಲಿ ಈ ಉತ್ತರಗಳು ಒಂದಕ್ಕೊಂದು ಹತ್ತಿರ ಬರಬೇಕಿತ್ತು ಅಲ್ವಾ? ಜ್ವರ ಅಳೆಯುವ ಮೂರು ಥರ್ಮಾಮೀಟರ್ ಮೂರು ಬೇರೆ ಅಂಕಿ ತೋರಿಸಿದರೆ ನಾವು ರೋಗಿಗೆ ಔಷಧಿ ಕೊಡುವ ಮೊದಲು ಥರ್ಮಾಮೀಟರನ್ನೇ ಅನುಮಾನಿಸುತ್ತೇವೆ.

ನಿದ್ದೆ ಮಾಡುವವನಿಗೆ ತನ್ನ ಭಂಗಿ ಗೊತ್ತೇ?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ. "ನೀವು ಹೇಗೆ ಮಲಗುತ್ತೀರಿ" ಎಂದು ಯಾರಾದರೂ ಕೇಳಿದರೆ ನಾವು ಹೇಳುವುದು ದೀಪ ಆರಿಸಿದ ಮೇಲೆ, ಎಚ್ಚರವಿದ್ದಾಗ, ಹೇಗೆ ಮಲಗಿದ್ದೆವು ಅಂತ. ಆಮೇಲಿನ ಆರೇಳು ಗಂಟೆಗೆ ನಾವು ಸಾಕ್ಷಿಯೇ ಅಲ್ಲ.

ಆ ಆರೇಳು ಗಂಟೆಯನ್ನು ಅಳೆದವರಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗಿನ ಮೆಲನ್ ಸಂಸ್ಥೆಯಲ್ಲಿ ಎಚ್. ಎಂ. ಜಾನ್ಸನ್ ಮತ್ತು ಜೊತೆಗಾರರು ನಿದ್ದೆ ಮಾಡುವವರ ಫೋಟೊ ತೆಗೆದು 1930ರಲ್ಲೇ ವರದಿ ಪ್ರಕಟಿಸಿದರು. ಹಣ ಕೊಟ್ಟದ್ದು ಸಿಮನ್ಸ್ ಎಂಬ ಹಾಸಿಗೆ ಕಂಪನಿ. ಆರೋಗ್ಯವಂತರು ರಾತ್ರಿಯಿಡೀ ಒಂದೇ ಭಂಗಿಯಲ್ಲಿ ಇರುವುದಿಲ್ಲ, ಮತ್ತೆ ಮತ್ತೆ ಹೊರಳುತ್ತಾರೆ ಎಂಬುದು ಆ ಫೋಟೊಗಳಲ್ಲಿ ಕಂಡಿತು.

ಇತ್ತೀಚಿನ, ಇನ್ನೂ ಚೆನ್ನಾಗಿ ಅಳೆದ ಅಧ್ಯಯನ ನಾರ್ವೆಯ ಸಂಶೋಧಕರದು. 2017ರಲ್ಲಿ ಪ್ರಕಟವಾಯಿತು. 664 ಜನರ ತೊಡೆ, ತೋಳು, ಬೆನ್ನಿನ ಮೇಲ್ಭಾಗಕ್ಕೆ ಚಲನೆ ದಾಖಲಿಸುವ ಪುಟ್ಟ ಸಾಧನ ಕಟ್ಟಿ, ಅವರವರ ಮನೆಯಲ್ಲೇ ಮಲಗಲು ಬಿಟ್ಟರು. ಸರಾಸರಿ ನೋಡಿದರೆ, ಹಾಸಿಗೆಯಲ್ಲಿದ್ದ ಸಮಯದ 54.1% ಮಗ್ಗುಲಾಗಿ, 37.5% ಅಂಗಾತ, 7.3% ಬೋರಲಾಗಿ ಕಳೆದಿತ್ತು. ಗಂಟೆಗೆ ಸುಮಾರು 1.6 ಬಾರಿ ಭಂಗಿ ಬದಲಾಗಿತ್ತು. ಏಳು ಗಂಟೆ ನಿದ್ದೆ ಮಾಡಿದರೆ ಹತ್ತು ಹನ್ನೊಂದು ಸಲ.

ಈ ಅಂಕಿಯನ್ನು ಬ್ರಿಟನ್ ಸಮೀಕ್ಷೆಯ ಪಕ್ಕ ಇಟ್ಟು ನೋಡಿ. ಅಲ್ಲಿ ತಾವು ಅಂಗಾತ ಮಲಗುತ್ತೇವೆ ಎಂದವರು, ಸೈನಿಕ, ನಕ್ಷತ್ರಮೀನು ಎರಡೂ ಸೇರಿ, 13%. ಇಲ್ಲಿ ಸಾಧನ ಕಟ್ಟಿ ಅಳೆದಾಗ ರಾತ್ರಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಜನ ಅಂಗಾತವೇ ಇದ್ದರು. ಒಂದು ಜನರ ಲೆಕ್ಕ, ಇನ್ನೊಂದು ಸಮಯದ ಲೆಕ್ಕ. ಎರಡನ್ನೂ ಹಾಗೇ ತಾಳೆ ಹಾಕುವುದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಬೋರಲು ಮಲಗುವವರ ಅಂಕಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಇದೆ ಅನ್ನುವುದನ್ನೂ ಹೇಳಬೇಕು. ಆದರೂ ಅಂಗಾತದ ವಿಷಯದಲ್ಲಿ ಅಂತರ ದೊಡ್ಡದು. "ನಾನು ಮಗ್ಗುಲಾಗಿ ಮಲಗುವವಳು" ಎನ್ನುವಾಕೆ ಮಧ್ಯರಾತ್ರಿ ಎರಡು ಗಂಟೆಗೆ ಅಂಗಾತವಾಗಿ ಬಾಯಿ ತೆರೆದು ಮಲಗಿರಬಹುದು. ಆ ಹೊತ್ತಿನಲ್ಲಿ ಅವಳ ವ್ಯಕ್ತಿತ್ವ ಬದಲಾಯಿತೇ?

ಹೊರಳುವುದಕ್ಕೂ ಒಂದು ಲಯವಿದೆ. ಅಮೆರಿಕದ ನಿದ್ರಾ ವಿಜ್ಞಾನಿ ಅಲನ್ ಹಾಬ್ಸನ್, ಛಾಯಾಗ್ರಾಹಕ ಥಿಯೊಡೋರ್ ಸ್ಪಾನ್ಯಾ ಜೊತೆ ಸೇರಿ, ಮಲಗಿದವರ ಫೋಟೊಗಳನ್ನು ರಾತ್ರಿಯಿಡೀ ನಿಗದಿತ ಅಂತರದಲ್ಲಿ ತೆಗೆದು 1978ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ನಿದ್ದೆ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವಾಗ, ಅದರಲ್ಲೂ ಕನಸು ಜಾಸ್ತಿ ಬೀಳುವ ಹಂತದ ಆಚೀಚೆ, ದೇಹ ದೊಡ್ಡದಾಗಿ ಹೊರಳುತ್ತದೆ. ಕನಸಿನ ಹಂತದಲ್ಲಿ ಮಿದುಳೇ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ, ಕೈಕಾಲು ಎತ್ತಲಾಗದ ಸ್ಥಿತಿ ಅದು. ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಹಾಸಿಗೆಯಿಂದಲೇ ಎದ್ದು ಓಡುತ್ತಿದ್ದರು. ನಮ್ಮ ಮಗ್ಗುಲುಗಳ ವೇಳಾಪಟ್ಟಿಯನ್ನು ಮಿದುಳಿನ ಈ ಚಕ್ರ ಬರೆಯುತ್ತದೆ.

ವಯಸ್ಸೂ ಬರೆಯುತ್ತದೆ. ಕೆನಡಾದ ಒಟ್ಟಾವಾದಲ್ಲಿ ಜೋಸೆಫ್ ಡಿ ಕೊನಿಂಕ್ ತಂಡ ಮೂರು ವರ್ಷದ ಮಕ್ಕಳಿಂದ 80ರ ಅಜ್ಜ ಅಜ್ಜಿಯರವರೆಗೆ ಐದು ವಯೋಗುಂಪುಗಳನ್ನು ಹೋಲಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿತು. ಮಕ್ಕಳು ಹೆಚ್ಚು ಹೊರಳುತ್ತಾರೆ. ವಯಸ್ಸಾದಂತೆ ಹೊರಳುವುದು ಕಡಿಮೆಯಾಗುತ್ತದೆ, ಬಲಮಗ್ಗುಲು ಹೆಚ್ಚಾಗುತ್ತದೆ. ಬೋರಲು ಮಲಗುವುದು ವೃದ್ಧರಲ್ಲಿ ಹೆಚ್ಚೂಕಮ್ಮಿ ಇಲ್ಲವಾಗುತ್ತದೆ. ಬೋರಲು ಮಲಗುವವರು ಧೈರ್ಯವಂತರು ಅಂತಾದರೆ, 70 ದಾಟಿದ ಮೇಲೆ ಧೈರ್ಯವಂತರೇ ಇಲ್ಲ ಅನ್ನಬೇಕಾಗುತ್ತದೆ. ಕುತ್ತಿಗೆ ತಿರುಗುವುದಿಲ್ಲ, ಸೊಂಟ ಒಪ್ಪುವುದಿಲ್ಲ. ಕಾರಣ ಅಷ್ಟು ಸರಳ.

ಹಾಗಿದ್ದರೂ ಚಿತ್ರ ನೋಡಿದಾಗ "ನನ್ನದೇ ಇದು" ಅನ್ನಿಸುತ್ತದಲ್ಲ, ಅದು ಸುಳ್ಳೇ? ಅನ್ನಿಸುವುದು ನಿಜ, ನನಗೂ ಅನ್ನಿಸಿತ್ತು. ಇದಕ್ಕೆ ಉತ್ತರ 1948ರ ಒಂದು ತರಗತಿಯಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಒಬ್ಬೊಬ್ಬರಿಗೂ "ಇದು ನಿನ್ನ ವ್ಯಕ್ತಿತ್ವ" ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಿದೆ, ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಅಷ್ಟೂ ಹಾಳೆಗಳಲ್ಲಿ ಇದ್ದದ್ದು ಒಂದೇ ಬರಹ. ಅದರಲ್ಲಿ ಬಹಳಷ್ಟನ್ನು ಅವರು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. ಕೆಲವೊಮ್ಮೆ ಜನರೊಂದಿಗೆ ಬೆರೆಯುತ್ತೀರಿ, ಕೆಲವೊಮ್ಮೆ ಒಳಗೇ ಉಳಿಯುತ್ತೀರಿ ಎಂಬ ತರಹದ ಸಾಲುಗಳು. ಇದು ಯಾರಿಗೆ ಒಪ್ಪುವುದಿಲ್ಲ ಹೇಳಿ? "ಹೊರಗೆ ಗಟ್ಟಿ, ಒಳಗೆ ಮೃದು" ಅನ್ನುವುದೂ ಅದೇ ಜಾತಿಯ ಮಾತು. ಮನೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಈ ಮಾತು ಹೇಳಿ ನೋಡಿ, ಅವರ ಮುಖ ಸಡಿಲವಾಗುತ್ತದೆ. ತನ್ನನ್ನು ಯಾರೋ ಅರ್ಥ ಮಾಡಿಕೊಂಡರು ಎಂಬ ಸಮಾಧಾನ ಎಲ್ಲರಿಗೂ ಬೇಕು. ಆ ಹಸಿವನ್ನು ನಾನು ಹಗುರವಾಗಿ ಕಾಣಲಾರೆ.

ಭಂಗಿಯನ್ನು ಬರೆಯುವ ಕೈಗಳು

ಜುಲೈ ತಿಂಗಳ ಸಕಲೇಶಪುರವನ್ನು ನೆನಪಿಸಿಕೊಳ್ಳಿ. ಹೊರಗೆ ಬಿಡದ ಮಳೆ, ಗೋಡೆಯಲ್ಲೂ ತೇವ. ಕಂಬಳಿಯೊಳಗೆ ಎಲ್ಲರೂ ಮೊಣಕಾಲು ಎದೆಗೆ ಸೇರಿಸಿಯೇ ಮಲಗುತ್ತಾರೆ. ಮುದುಡಿದರೆ ಗಾಳಿಗೆ ತೆರೆದುಕೊಳ್ಳುವ ಚರ್ಮ ಕಡಿಮೆಯಾಗುತ್ತದೆ, ಮೈಶಾಖ ಉಳಿಯುತ್ತದೆ. ಅದೇ ಮನುಷ್ಯ ಮೇ ತಿಂಗಳಲ್ಲಿ ರಾಯಚೂರಿನ ಮಾಳಿಗೆಯ ಮೇಲೆ ಮಲಗಲಿ. ಕೈ ಒಂದು ಕಡೆ, ಕಾಲು ಒಂದು ಕಡೆ, ಹೊದಿಕೆ ದೂರ. ಊರು ಬದಲಾದ ಮಾತ್ರಕ್ಕೆ ಕೂಸು ನಕ್ಷತ್ರಮೀನಾಯಿತು.

ಇನ್ನು ಜಾಗ. ನಾವು ಚಿಕ್ಕವರಿದ್ದಾಗ ರಜೆಯಲ್ಲಿ ಅಜ್ಜಿಮನೆಯ ಪಡಸಾಲೆಯಲ್ಲಿ ಒಂದೇ ಜಮಖಾನದ ಮೇಲೆ ಒಂಬತ್ತು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ಒಬ್ಬ ಮಗ್ಗುಲು ಬದಲಿಸಿದರೆ ಇಡೀ ಸಾಲು ಬದಲಿಸಬೇಕು. ಕೈಕಾಲು ಅಗಲಿಸುವ ಸ್ವಾತಂತ್ರ್ಯ ಗೋಡೆ ಬದಿಯವನಿಗೂ ಇರಲಿಲ್ಲ. ಇವತ್ತು ಬೆಂಗಳೂರಿನ ಪಿಜಿಯ ಎರಡೂವರೆ ಅಡಿ ಮಂಚದಲ್ಲಿ, ರಾತ್ರಿ ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಮಗು ಮಧ್ಯೆ ಹಾಕಿಕೊಂಡು ಮಲಗುವ ದಂಪತಿಯ ಪಾಲಿನಲ್ಲಿ, ಭಂಗಿ ಅನ್ನುವುದು ಉಳಿದ ಜಾಗದ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಹೇಳುವುದು ದುಡ್ಡಿನ ವಿಷಯಕ್ಕೆ. ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ಅದು ಅಕ್ಷರಶಃ ನಿಜ. ದೂರದ ಬ್ರಿಟನ್ನಿನ ಜನರನ್ನು ಕೇಳಿ ಮಾಡಿದ ಪಟ್ಟಿಯನ್ನು ಇಂಥ ಮನೆಗೆ ತಂದು, "ನೀನು ಮುದುಡಿ ಮಲಗುತ್ತೀಯ, ನಿನಗೆ ಸಂಕೋಚ ಜಾಸ್ತಿ" ಎಂದು ಒಬ್ಬ ಹುಡುಗಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಹೊಟ್ಟೆಯೂ ಭಂಗಿಯನ್ನು ನಿರ್ಧರಿಸುತ್ತದೆ. ಊಟವಾದ ಮೇಲೆ ನೂರು ಹೆಜ್ಜೆ ನಡೆದು ಎಡಮಗ್ಗುಲಾಗಿ ಮಲಗು ಅನ್ನುವುದು ನಮ್ಮ ಹಿರಿಯರ ಹಳೆಯ ಮಾತು. ವಾಮಕುಕ್ಷಿ ಅಂತಲೇ ಅದಕ್ಕೆ ಹೆಸರು. ನಮ್ಮ ಜಠರ ಹೊಟ್ಟೆಯ ಎಡಭಾಗಕ್ಕೆ ಇಳಿಬಿದ್ದಿದೆ. ಎಡಕ್ಕೆ ಮಲಗಿದಾಗ ಅನ್ನನಾಳ ಬಂದು ಸೇರುವ ಬಾಯಿ ಮೇಲಿರುತ್ತದೆ, ಆಮ್ಲ ಕೆಳಗಿರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2022ರಲ್ಲಿ ಎದೆಯುರಿಯ ತೊಂದರೆಯಿದ್ದ 57 ಜನರ ಅನ್ನನಾಳದಲ್ಲಿ ಆಮ್ಲ ಅಳೆದು, ಜೊತೆಗೆ ಮಲಗಿದ ಭಂಗಿಯನ್ನೂ ದಾಖಲಿಸಿದರು. ಮೇಲೆ ನುಗ್ಗಿದ ಆಮ್ಲ ಎಡಮಗ್ಗುಲಲ್ಲಿ ಸುಮಾರು 35 ಸೆಕೆಂಡಿಗೆ ಇಳಿದುಹೋಯಿತು. ಅಂಗಾತ ಇದ್ದಾಗ 76, ಬಲಮಗ್ಗುಲಲ್ಲಿ 90 ಸೆಕೆಂಡು ಹಿಡಿಯಿತು. ಹಿರಿಯರ ಮಾತಿನಲ್ಲಿ ಭಂಗಿ ಸೇರಿಕೊಂಡಿದ್ದು ಜೀರ್ಣದ ಜೊತೆ. ಎಡಕ್ಕೆ ಮಲಗುವವನು ಒಳ್ಳೆಯವನು ಅಂತ ಅವರು ಹೇಳಲಿಲ್ಲ.

ಹಾಗಂತ ಹಿರಿಯರ ಎಲ್ಲ ಮಾತೂ ಅಳೆದು ನೋಡಿದ್ದು ಅಂತಲ್ಲ. ಉತ್ತರಕ್ಕೆ ತಲೆ ಹಾಕಬಾರದು, ಬಲಮಗ್ಗುಲಿಂದ ಏಳಬೇಕು, ಯಾರಾದರೂ ಸಿಡಿಮಿಡಿಗೊಂಡರೆ "ಇವತ್ತು ಯಾವ ಮಗ್ಗುಲಲ್ಲಿ ಎದ್ದೆ?" ಅನ್ನುವುದು, ಇವೆಲ್ಲ ನಂಬಿಕೆಯ ಮಾತುಗಳು. ಅವುಗಳ ಜಾಗ ಬೇರೆ.

ಮನಸ್ಸಿಗೂ ನಿದ್ದೆಗೂ ನಂಟೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ, ಅದು ಸಿಗುವುದು ಬೇರೆ ಕಡೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವಲ್ಲ, ಅದನ್ನು ಅಧ್ಯಯನಗಳೂ ಬೆಂಬಲಿಸುತ್ತವೆ. ಸಣ್ಣದಕ್ಕೂ ಆತಂಕಪಡುವ ಸ್ವಭಾವದವರಲ್ಲಿ ನಿದ್ದೆ ಕೆಡುವುದು ಹೆಚ್ಚು ಎಂದು ಮತ್ತೆ ಮತ್ತೆ ಕಂಡುಬಂದಿದೆ. ನಿದ್ದೆ ಎಷ್ಟು ಬೇಗ ಹತ್ತುತ್ತದೆ, ಎಷ್ಟು ಸಲ ಎಚ್ಚರವಾಗುತ್ತದೆ ಎಂಬುದರಲ್ಲಿ ಮನಸ್ಸು ಕಾಣುತ್ತದೆ. ಮೊಣಕಾಲು ಎಷ್ಟು ಮಡಚಿದೆ ಎಂಬುದರಲ್ಲಿ ಅದನ್ನು ಹುಡುಕುವುದು ಕಷ್ಟ. ಒಮ್ಮೊಮ್ಮೆ ದಾರಿ ತಿರುಗಿಯೂ ಇರಬಹುದು. 2012ರಲ್ಲಿ ಹಾಂಗ್‌ಕಾಂಗಿನಲ್ಲಿ 670 ಜನರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಬೋರಲು ಮಲಗುವವರು ಉಸಿರು ಕಟ್ಟಿದಂಥ ಕನಸುಗಳನ್ನು ಹೆಚ್ಚಾಗಿ ಹೇಳಿಕೊಂಡಿದ್ದರು. ಎದೆಯ ಮೇಲಿನ ಒತ್ತಡವೇ ಕನಸಿಗೆ ಕಥೆ ಒದಗಿಸುತ್ತಿರಬಹುದು. ಇದೂ ಜನರ ಬಾಯಿಮಾತನ್ನು ನೆಚ್ಚಿದ ಅಧ್ಯಯನ, ಅದನ್ನು ಮರೆಯಬಾರದು.

ತಪ್ಪು ಹೆಸರಿನ ಬೆಲೆ

ಆಟಕ್ಕೆ ನೋಡಿ ನಕ್ಕು ಬಿಡುವುದಾದರೆ ಈ ಚಿತ್ರಗಳಿಂದ ಏನೂ ನಷ್ಟವಿಲ್ಲ. ನನ್ನ ಚಿಂತೆ ಬೇರೆ. ಸ್ವಭಾವ ಅಂತ ಒಂದು ಹೆಸರು ಕೊಟ್ಟುಬಿಟ್ಟರೆ ನಾವು ಮುಂದೆ ನೋಡುವುದನ್ನು ನಿಲ್ಲಿಸುತ್ತೇವೆ. ದೊಡ್ಡಪ್ಪನ ವಿಷಯದಲ್ಲಿ ಆದದ್ದು ಅದೇ. ಅವರ ಹಟ ನಮಗೆ ಮೊದಲೇ ಗೊತ್ತಿತ್ತು, ಹಾಗಾಗಿ ಮೂರನೇ ದಿಂಬು ಯಾಕೆ ಅಂತ ಯಾರೂ ಕೇಳಲಿಲ್ಲ.

ಇನ್ನೂ ದೊಡ್ಡ ಪ್ರಮಾಣದಲ್ಲಿ ಇದು ಆಗುತ್ತಿರುವುದು ಗೊರಕೆಯಲ್ಲಿ. ಅಂಗಾತ ಮಲಗಿದಾಗ ನಾಲಗೆಯ ಬುಡ, ಮೃದು ಅಂಗುಳು ಹಿಂದಕ್ಕೆ ಜಾರಿ ಗಂಟಲಿನ ದಾರಿ ಕಿರಿದಾಗುತ್ತದೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿ, ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು ಉಸಿರೇ ನಿಲ್ಲುತ್ತದೆ. ಆಮೇಲೆ ಒಮ್ಮೆಲೇ ಗೊರ್ ಎಂದು ಉಸಿರೆಳೆದು ಮತ್ತೆ ಶುರು. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಅಂಗಾತ ಮಲಗಿದಾಗ ಉಸಿರು ನಿಲ್ಲುವುದು, ಮಗ್ಗುಲಾಗಿ ಮಲಗಿದಾಗಿನ ಎರಡರಷ್ಟಾದರೂ ಇರುವ ರೋಗಿಗಳ ಗುಂಪೊಂದನ್ನು ಅಮೆರಿಕದ ರೊಸಲಿಂಡ್ ಕಾರ್ಟ್‌ರೈಟ್ 1984ರಲ್ಲೇ ಗುರುತಿಸಿದರು. ಇಂಥವರಿಗೆ ಮಗ್ಗುಲು ಬದಲಿಸುವುದೇ ಒಂದು ಚಿಕಿತ್ಸೆ. ಅಂಗಾತ ಹೊರಳದಂತೆ ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿಯುವ ಉಪಾಯ ಬಹಳ ಹಿಂದಿನಿಂದ ಇದೆ.

ದೆಹಲಿಯ ಏಮ್ಸ್ ಸಂಶೋಧಕರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು 11% ಜನರಿಗೆ ಈ ತೊಂದರೆ ಇದೆ. ಗಂಡಸರಲ್ಲಿ 13%, ಹೆಂಗಸರಲ್ಲಿ 5%. ದುಡಿಯುವ ವಯಸ್ಸಿನ 10 ಕೋಟಿಗೂ ಹೆಚ್ಚು ಜನ. ಬಿ.ಪಿ. ಏರುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ, ಬೆಳಿಗ್ಗೆ ತಲೆನೋವು, ಹಗಲು ಸ್ಟಿಯರಿಂಗ್ ಹಿಡಿದಾಗ ತೂಕಡಿಕೆ. ಇಂಥ ಒಬ್ಬ ಲಾರಿ ಡ್ರೈವರಿಗೆ "ನೀವು ಅಂಗಾತ ಮಲಗುತ್ತೀರಿ, ನಿಮ್ಮದು ರಾಜನ ಆತ್ಮವಿಶ್ವಾಸ" ಎಂದು ಫೋನು ಹೇಳುತ್ತದೆ. ಅವನ ಹೆಂಡತಿ "ರಾತ್ರಿ ಇವರ ಉಸಿರು ನಿಂತ ಹಾಗೆ ಆಗುತ್ತೆ, ನನಗೆ ಭಯ" ಎಂದರೆ ಮನೆಯಲ್ಲಿ ಅದನ್ನು ಗೊರಕೆಯ ತಮಾಷೆ ಮಾಡುತ್ತಾರೆ. ಆ ಮನೆಯಲ್ಲಿ ಭಂಗಿಯನ್ನು ಸರಿಯಾಗಿ ಓದಿದವರು ಆಕೆ ಒಬ್ಬರೇ.

ಭಂಗಿಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಕೂಸುಗಳದ್ದು. ಪಶ್ಚಿಮದ ದೇಶಗಳಲ್ಲಿ ಎಷ್ಟೋ ವರ್ಷ ಶಿಶುಗಳನ್ನು ಬೋರಲು ಮಲಗಿಸಿ ಎಂದು ತಜ್ಞರೇ ಹೇಳುತ್ತಿದ್ದರು. ಕಾರಣ ತಿಳಿಯದೆ ಶಿಶುಗಳು ನಿದ್ದೆಯಲ್ಲೇ ತೀರಿಕೊಳ್ಳುವುದಕ್ಕೂ ಈ ಭಂಗಿಗೂ ನಂಟಿದೆ ಎಂದು ಅಧ್ಯಯನಗಳು ತೋರಿಸಿದವು. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಬೋರಲು ಮಲಗಿಸಬೇಡಿ ಎಂದಿತು. 1994ರಲ್ಲಿ ಅಂಗಾತ ಮಲಗಿಸಿ ಎಂಬ ದೊಡ್ಡ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಗರ್ಭಿಣಿಯರಿಗೆ 28 ವಾರ ದಾಟಿದ ಮೇಲೆ ಮಗ್ಗುಲಾಗಿ ಮಲಗಿ ಎಂದು ವೈದ್ಯರು ಹೇಳುವುದಕ್ಕೂ ಇಂಥದೇ ಕಾರಣವಿದೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನಿನ ಬಳಿಯ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಬಾಣಂತಿ, ಬಸುರಿಯರನ್ನು ನೋಡಿಕೊಂಡ ನಮ್ಮ ಅಜ್ಜಿಯರೂ "ಎಡಮಗ್ಗುಲಾಗಿ ಮಲಗಮ್ಮ" ಎನ್ನುತ್ತಿದ್ದರು.

ಹಾಗಾಗಿ ಮುಂದಿನ ಸಲ ಆ ಆರು ಗೊಂಬೆಗಳು ನಿಮ್ಮ ಫೋನಿಗೆ ಬಂದರೆ, ಮನೆಯವರನ್ನು ಬೇರೆ ಕೆಲವು ಪ್ರಶ್ನೆ ಕೇಳಿ. ಇತ್ತೀಚೆಗೆ ಮಲಗುವ ರೀತಿ ಏನಾದರೂ ಬದಲಾಯಿತೇ? ಒಂದು ಮಗ್ಗುಲಿಗೆ ಮಲಗಲು ಆಗುತ್ತಲೇ ಇಲ್ಲವೇ, ಭುಜವೋ ಸೊಂಟವೋ ನೋಯುತ್ತದೆಯೇ? ಸಮತಟ್ಟಾಗಿ ಮಲಗಿದರೆ ಕೆಮ್ಮು, ದಮ್ಮು ಬರುತ್ತದೆಯೇ? ಗೊರಕೆಯ ಮಧ್ಯೆ ಮೌನ ಬೀಳುತ್ತದೆಯೇ? ಆ ಮೌನ ಬಿದ್ದರೆ ಒಂದೆರಡು ನಿಮಿಷ ಫೋನಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಮಲಗಿದವರ ಒಪ್ಪಿಗೆ ಮೊದಲೇ ಪಡೆದಿರಿ. ಬಾಯಲ್ಲಿ ಹೇಳುವುದಕ್ಕಿಂತ ಆ ವಿಡಿಯೊ ಅವರಿಗೆ ಹೆಚ್ಚು ಹೇಳುತ್ತದೆ.

ದೊಡ್ಡಪ್ಪನಿಗೆ ಔಷಧಿ ಶುರುವಾಯಿತು. ಉಪ್ಪು ಕಡಿಮೆಯಾಯಿತು. ಕೆಲವು ವಾರಕ್ಕೆ ಈಸಿ ಚೇರು ಬಿಟ್ಟು ಮಂಚಕ್ಕೆ ಬಂದರು. ದಿಂಬು ಹೆಚ್ಚಾದರೆ, ತೂಕ ಒಮ್ಮೆಲೇ ಏರಿದರೆ ತಕ್ಷಣ ತಿಳಿಸಿ ಎಂದಿದ್ದಾರೆ ಡಾಕ್ಟರ್. ದೊಡ್ಡಮ್ಮ ದಿನಾ ಬೆಳಿಗ್ಗೆ ಕಾಫಿ ಕೊಡುವಾಗ "ರಾತ್ರಿ ಎಷ್ಟಾಯ್ತು?" ಎಂದು ಕೇಳುತ್ತಾರೆ. ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲಿನಲ್ಲಿ 2 ಎಂದು ಬರೆಯುತ್ತಾರೆ.